ಒಂಬತ್ತರ ಮೇಲೊಬ್ಬ

ಲೆಟರ್‌ಹೆಡ್ಡಿನಲ್ಲಿ ಇನ್ನೂ ಹಳೆಯ ಫೋನ್ ನಂಬರು,
೦೮೧೭೨ರ ಮುಂದೆ ಐದೇ ಅಂಕಿ.
ಅದಕ್ಕೆ ಗೆರೆ ಎಳೆದು ಮೊಬೈಲು ಬರೆದೆ.
ಗೀಚಿದ್ದು ನಡೆಯಲ್ಲ ಮೇಡಂ, ಅಂದ
ಪೆನ್ಷನ್ ಮೊಹಲ್ಲಾದ ಡಿಟಿಪಿ ಹುಡುಗ.
ಗೀಚು ಕಂಡರೆ ಆಸ್ಟ್ರೇಲಿಯಾದವರು ವಾಪಸ್ ಕಳಿಸುತ್ತಾರಂತೆ.

ಜಬೀವುಲ್ಲಾ ಕಳಿಸಿದ ಮಾದರಿ ಮೊಬೈಲಿನಲ್ಲಿತ್ತು:
ಯಾವ ತಾರೀಕಿನಿಂದ ಯಾವ ತಾರೀಕಿನವರೆಗೆ,
ವಾರಕ್ಕೆ ಎಷ್ಟು ಗಂಟೆ, ಸಂಬಳ ಎಷ್ಟು,
ಕಾಯಂ ನೌಕರನೋ ಅಲ್ಲವೋ,
ಮಾಡಿದ ಕೆಲಸಗಳು, ಕಡಿಮೆಯೆಂದರೆ ಎಂಟು.
ಜೊತೆಗೆ ಅವನದೇ ದನಿ, ಹಿಂದೆ ಯಾವುದೋ ಗಿರಣಿಯ ಸದ್ದು:
"ಅಕ್ಕಾ, ಇಲ್ಲಿ ಮಾಲೀಕ ನನ್ನ ಕಾಯಂ ಮಾಡ್ಸಕ್ಕೆ
ಸರ್ಕಾರಕ್ಕೆ ಬರಿತಾವ್ನೆ.
ಅವನ ಹತ್ರ ದುಡಿದಿದ್ದು ಸಾಲದಂತೆ,
ಮುಂಚೆ ಎಲ್ಲಿದ್ದೆ ಅಂತ ಕೇಳ್ತಾವ್ರೆ.
ನಿಮ್ಮ ಹತ್ರಾನೇ ಅಲ್ವಾ ಇದ್ದಿದ್ದು."

ನನ್ನ ಹತ್ತಿರವೇ. ಆರು ವರ್ಷ, ಒಂದು ರಂಜಾನ್ ಕಮ್ಮಿ.

ಎಂಟು ಕೆಲಸ ಯಾವ ಮಹಾ.
ಸಕಲೇಶಪುರದಿಂದ ಬಂದ ಪಲ್ಪರಿಗೆ ತಾಮ್ರದ ತಗಡು ಹೊದಿಸಿದ್ದು,
ಆಲೂಗಡ್ಡೆ ಬಿತ್ತುವ ಯಂತ್ರದ ಹಲ್ಲು ಕಡೆದದ್ದು,
ಲೇತಿಗೆ ಸಿಕ್ಕ ನನ್ನ ಗಂಡನ ಕೈಯನ್ನು
ಬೆಲ್ಟು ಕತ್ತರಿಸಿ ಬಿಡಿಸಿದ್ದು. ಇದನ್ನು ಸೇರಿಸುವ ಹಾಗಿಲ್ಲವಂತೆ.
ಸ್ಕ್ರೂಡ್ರೈವರಿನ ತುದಿ ಬೇರಿಂಗಿಗೆ, ಹಿಡಿ ಕಿವಿಗೆ,
ಕಣ್ಣು ಮುಚ್ಚಿ, "ಇನ್ನು ಹದಿನೈದು ದಿನ" ಅನ್ನುತ್ತಿದ್ದ.
ಹದಿನಾರಕ್ಕೆ ಎಸ್ಟೇಟಿನ ಜೀಪು ಬಾಗಿಲಿಗೆ ಬರುತ್ತಿತ್ತು.
ಇದಕ್ಕೆ ಇಂಗ್ಲಿಷಿನಲ್ಲಿ ಏನಂತಾರಪ್ಪಾ, ಅಂದೆ.
ಹುಡುಗ ಸ್ವಲ್ಪ ಯೋಚಿಸಿ
"ಮೇಂಟೆನೆನ್ಸ್" ಅಂತ ಹೊಡೆದ.

ಸಂಬಳದ ಸಾಲಿಗೆ ಬಂದು ನಿಂತೆ.
ಶನಿವಾರ ಸಂಜೆ ಊದುಬತ್ತಿಯ ಡಬ್ಬಿಯಿಂದ ತೆಗೆದು
ಮಡಚಿ ಕೊಟ್ಟ ನೋಟಿಗೆ ಚೀಟಿ ಎಲ್ಲಿಂದ ತರಲಿ?
ಹಾಜರಿ ಪುಸ್ತಕದಲ್ಲಿ ಒಂಬತ್ತು ಹೆಸರು.
ಹತ್ತಾದರೆ ಇ.ಎಸ್.ಐ. ಬರುತ್ತೆ ಅಂತ
ಆಡಿಟರು ಹೇಳಿದ್ದ, ನಾನು ಒಪ್ಪಿದ್ದೆ.
ಇನ್‌ಸ್ಪೆಕ್ಟರು ಬಂದ ದಿನ ಇವನನ್ನು
ಗಿರಾಕಿಗಳ ಬೆಂಚಿನ ಮೇಲೆ ಕೂರಿಸಿ
ಗ್ರೀಸಿನ ಕೈ ಕಾಣದಿರಲೆಂದು ಪೇಪರು ಕೊಟ್ಟಿದ್ದೆ.
ಕನ್ನಡ ಓದಲು ಬಾರದವನು ಅರ್ಧ ಗಂಟೆ ಓದಿದ.
ಆತ ಹೋದ ಮೇಲೆ ನೋಡಿದರೆ
ಪೇಪರಿನ ಎರಡೂ ಅಂಚಿನಲ್ಲಿ
ಹತ್ತು ಬೆರಳೂ ಸ್ಪಷ್ಟವಾಗಿ ಮೂಡಿದ್ದವು.

ಅಲ್ಲಿಯ ಮಾಲೀಕ ಮೊದಲು ಜಾಹೀರಾತು ಕೊಟ್ಟು
ನಮ್ಮವರಲ್ಲಿ ಇಂಥವನು ಸಿಗಲಿಲ್ಲ ಅಂತ ತೋರಿಸಬೇಕಂತೆ.
ಆಮೇಲೆ ಫೀಸು ಕಟ್ಟಿ, ವಕೀಲನನ್ನು ಹಿಡಿದು,
ಇವನು ನಮಗೆ ಬೇಕು ಅಂತ ರುಜು ಹಾಕಬೇಕಂತೆ.
ಒಂದು ದೇಶದಲ್ಲೇ ಕಾಯಂ ಮಾಡುವುದಕ್ಕೆ!
ನಾನು ಒಂದು ರೂಲು ಎಳೆದ ಪುಸ್ತಕದಲ್ಲಿ ಮಾಡಲಿಲ್ಲ.

"ಅಪ್ರೆಂಟಿಸ್ ಇದ್ದ ಅಂತ ಹಾಕು" ಅಂದರು ಮನೆಯವರು,
ಉಳಿದ ಮೂರು ಬೆರಳಲ್ಲಿ ಅಡಿಕೆ ಕತ್ತರಿಸುತ್ತಾ.
"ಈ ಕಾಗದ ನಾಳೆ ತಿರುಗಿ ಬಂದು
ನಮ್ಮ ಬಾಗಿಲೇ ತಟ್ಟಿದರೆ?"
ತಟ್ಟಬಹುದು.
ನನಗೂ ಭಯವಿತ್ತು, ಇಲ್ಲ ಅನ್ನಲ್ಲ.
ಎರಡು ದಿನ ಅವನ ಮೆಸೇಜಿಗೆ ಉತ್ತರ ಕೊಡಲಿಲ್ಲ.

ಮೂರನೆಯ ದಿನ ಹೋಗಿ ಹೊಡೆಸಿದೆ:
ವಾರಕ್ಕೆ ಐವತ್ತನಾಲ್ಕು ಗಂಟೆ, ನಗದು ಸಂಬಳ,
ಕಾಯಂ ನೌಕರ.
ಕೆಳಗೆ ಲೋಲಾಕ್ಷಿ, ಮಾಲೀಕಳು,
ಕಾಳಿಕಾಂಬಾ ಇಂಜಿನಿಯರಿಂಗ್ ವರ್ಕ್ಸ್, ಬಿ.ಎಂ. ರಸ್ತೆ, ಹಾಸನ.
ಸೀಲಿನ ರಬ್ಬರು ಸವೆದಿತ್ತು; ಎರಡು ಸಲ ಒತ್ತಿದೆ.

ಒಂದೂವರೆ ತಿಂಗಳಾಗಿತ್ತು. ಬೆಳಗ್ಗೆ ಆರೂಕಾಲಿಗೆ ಫೋನು.
ದೂರದಲ್ಲೊಬ್ಬ ಗಂಡಸು ಕೇಳುತ್ತಿದ್ದ,
ನಡುವೆ ತಮಿಳು ಬೆರೆತ ಕನ್ನಡದ ಹೆಂಗಸು ಹೇಳುತ್ತಿದ್ದಳು.
ಕೆಲಸ ಕೇಳಿದರು, ಯಂತ್ರ ಕೇಳಿದರು,
ರಜೆ ಯಾವ ವಾರ ಅಂತ ಕೇಳಿದರು.
ಕೊನೆಗೆ, ಆಗ ನಿಮ್ಮಲ್ಲಿ ಒಟ್ಟು ಎಷ್ಟು ಜನ ನೌಕರರಿದ್ದರು?

ಹಾಜರಿ ಪುಸ್ತಕ ಎದುರಿಗೇ ಇತ್ತು.
ಹತ್ತು, ಅಂದೆ.

ಕೇಳಿಸಲಿಲ್ಲ ಅಮ್ಮಾ, ಅಂದಳು ಆಕೆ,
ಇನ್ನೊಂದು ಸಲ ಜೋರಾಗಿ ಹೇಳಿ.