ಮುದ್ದೆಮಾಲು ಒಂದು

ವಿರಾಜಪೇಟೆ ಕೋರ್ಟಿನ ದಾಖಲೆ ಕೊಠಡಿಯಲ್ಲಿ
ಮೊಣ್ಣಪ್ಪನವರು ಕೇಳಿದರು:
"ಕೊಲೆ ಕೇಸಾ ಮೇಡಂ, ಜಾಗದ್ದಾ?"
ತೋಡಿನದು, ಅಂದೆ.
ಕನ್ನಡಕ ತೆಗೆದು ಒರೆಸಿಕೊಂಡರು.
"ತೋಡು ಯಾರ ಮೇಲೆ ಹಾಕಿತ್ತು?"

ತೋಡು ಯಾರ ಮೇಲೂ ಹಾಕಿರಲಿಲ್ಲ.
ಫಿರ್ಯಾದಿ: ಸರಕಾರ.
ಆರೋಪಿ: ಪಲ್ಪಿಂಗ್ ಮನೆಯ ರೈಟರ್ ಒಬ್ಬ.
ಎಸ್ಟೇಟಿನ ಧಣಿಯ ಹೆಸರು
ಎಸ್ಟೇಟಿನ ಹೆಸರಿನಲ್ಲಿ ಮಾತ್ರ ಇದೆ.
ಕಲಂ ಇನ್ನೂರ ಎಪ್ಪತ್ತೇಳು:
ಸಾರ್ವಜನಿಕ ಚಿಲುಮೆಯ ಅಥವಾ ಜಲಾಶಯದ ನೀರನ್ನು
ಸ್ವಇಚ್ಛೆಯಿಂದ ಕೆಡಿಸಿದರೆ
ಮೂರು ತಿಂಗಳು, ಇಲ್ಲವೇ ಐನೂರು ರೂಪಾಯಿ,
ಇಲ್ಲವೇ ಎರಡೂ.
ನೋಟ್‌ಬುಕ್ಕಿನ ಅಂಚಿಗೆ ಬರೆದುಕೊಂಡೆ:
ಆ ವರ್ಷ ಐನೂರಕ್ಕೆ ಎಷ್ಟು ಕಿಲೋ ಹಣ್ಣು?

ಐದು ವರ್ಷವಾಯಿತು ಈ ಪ್ರಬಂಧ ಹಿಡಿದು.
ಪುಸ್ತಕಗಳಲ್ಲಿ ಅಪರಾಧಕ್ಕೆ ಎರಡು ಕಾಲು,
ಮಾಡಿದ ಕೈ, ಬಯಸಿದ ಮನಸ್ಸು.
ಕೊಡಲಿಗಾದರೆ ಹಿಡಿ ಇರುತ್ತದೆ,
ಹಿಡಿಯ ತುದಿಗೆ ಒಬ್ಬ ಮನುಷ್ಯ ಸಿಕ್ಕೇ ಸಿಗುತ್ತಾನೆ.
ರಾತ್ರಿ ಎರಡಕ್ಕೆ ತೆರೆದ ವಾಲ್ವಿನ ಮನಸ್ಸನ್ನು
ಎಲ್ಲಿ ಹುಡುಕಲಿ,
ಲೆಡ್ಜರಿನಲ್ಲೇ? ರಬ್ಬರ್ ಸ್ಟಾಂಪಿನಲ್ಲೇ?

ಸಾಕ್ಷಿ ಮೂರು: ಎರವರ ಪಾಲಿ,
ಲೈನ್‌ಮನೆ ವಾಸ, ಕಸುಬು ಕೂಲಿ, ವಯಸ್ಸು ಸುಮಾರು.
ಸುಮಾರು ಎಂದು ಬರೆದವರು
ಅಂಕಿ ಹಾಕಲು ಮರೆತಿದ್ದಾರೆ.

"ಕುಯ್ಲು ಮುಗೀತಾ ಇತ್ತು. ಸಂಜೆ
ಏಡಿ ಹಿಡಿಯೋಕೆ ತೋಡಿಗೆ ಹೋದೆ.
ಏಡಿಗಳೇ ಮೇಲೆ ಬಂದು
ಗದ್ದೆ ಬದುವಿನ ಮೇಲೆ ಸಾಲಾಗಿ ಕೂತಿದ್ದವು.
ಹಿಡಿಯೋ ಕೆಲಸವೇ ಇರಲಿಲ್ಲ.
ನಾನು ಹಿಡಿಯಲಿಲ್ಲ."

ಪಾಟಿ ಸವಾಲು:
ಆ ಹುಳಿ ವಾಸನೆ ಕಾಫಿ ಹಣ್ಣಿನದೇ ಎಂದು
ನಿನಗೆ ಹೇಗೆ ಗೊತ್ತು?
ಉತ್ತರದ ಮೇಲೆ ಟೈಪಿನಲ್ಲಿ ಸಾಲಿಡೀ ಎಕ್ಸ್ ಹೊಡೆದು
ಪಕ್ಕಕ್ಕೆ "ಗೊತ್ತಿಲ್ಲ" ಎಂದಿದೆ.
ಹಾಳೆಯನ್ನು ಬೆಳಕಿಗೆ ಹಿಡಿದೆ.
ಎಕ್ಸುಗಳ ನಡುವಿನಿಂದ ಓದಲು ಬಂತು:
"ಇಪ್ಪತ್ತು ವರ್ಷದಿಂದ ಅದೇ ನಾತ ಮೈಮೇಲೆ ಹೊದ್ದು
ಮಲಗ್ತಾ ಇದ್ದೀನಿ ಸ್ವಾಮಿ."

ತೀರ್ಪು ಎರಡೇ ಪುಟ.
ಚಿಲುಮೆಯೆಂದರೆ ಹುಟ್ಟುವ ನೀರು,
ಜಲಾಶಯವೆಂದರೆ ನಿಂತ ನೀರು,
ಪ್ರಕೃತ ನೀರು ಹರಿಯುತ್ತಿದ್ದುದರಿಂದ

ಇಲ್ಲಿಗೆ ಬೆರಳು ನಿಂತಿತು.
ಪಾಚಿಗಟ್ಟಿ ನಿಂತಿದ್ದರೆ ತೋಡು ಗೆಲ್ಲುತ್ತಿತ್ತು.

ಹೊಸ ಸಂಹಿತೆ ಬಂದಿದೆ, ನಿಜ.
ಕಲಮಿನ ಸಂಖ್ಯೆ ಎರಡು ಹೆಚ್ಚಿದೆ,
ತಿಂಗಳು ಮೂರಿದ್ದದ್ದು ಆರಾಗಿದೆ,
ಐನೂರರ ಬಾಲಕ್ಕೆ ಇನ್ನೊಂದು ಸೊನ್ನೆ.
ಚಿಲುಮೆ, ಜಲಾಶಯ,
ಇದ್ದಲ್ಲೇ ಇವೆ.

ಕೊನೆಯ ಸಾಲು:
ಅಪೀಲಿನ ಅವಧಿ ಮುಗಿದ ಮೇಲೆ
ಮುದ್ದೆಮಾಲು ನಾಶಪಡಿಸತಕ್ಕದ್ದು.
ಯಾರೂ ಪಡಿಸಿರಲಿಲ್ಲ.
ಮೊಣ್ಣಪ್ಪನವರು ಸ್ಟೂಲು ಹತ್ತಿ
ಬೀಟೆಯ ತುಂಡುಗಳನ್ನು, ತುಕ್ಕು ಹಿಡಿದ ಗರಗಸವನ್ನು ಸರಿಸಿ
ಬ್ರಾಂದಿ ಬಾಟಲಿಯೊಂದನ್ನು ಇಳಿಸಿದರು.
ಅರಗು, ದಾರ, ಪಂಚರ ಸಹಿಯ ಚೀಟಿ.

ಮಹಜರಿನ ಪ್ರಕಾರ: ಕಪ್ಪು, ನೊರೆ, ದುರ್ನಾತ.
ಈಗ ತಳದಲ್ಲಿ ಒಂದು ಬೆರಳು ಮಡ್ಡಿ,
ಮೇಲೆಲ್ಲ ತಿಳಿ.
ಕಿಟಕಿಗೆ ಹಿಡಿದರೆ ಅದರೊಳಗೆ
ಗಡಿಯಾರ ಗೋಪುರ ಡೊಂಕಾಗಿ ನಿಂತಿದೆ.
"ಇದನ್ನ ನೋಡಿದ್ರೆ ಯಾವ ಜಡ್ಜೂ ಬಿಟ್ಟೇಬಿಡ್ತಾರೆ,"
ಅಂದರು. "ಅಲ್ಲಾಡಿಸ್ಬೇಡಿ."

ಅಲ್ಲಾಡಿಸಿದೆ.

ಗೋಪುರ ಹೋಯಿತು.
ಮುದ್ರೆ ಮುರಿಯದೆ, ದಾರ ಸಡಿಲವಾಗದೆ
ಆ ಜನವರಿಯ ರಾತ್ರಿ ಪೂರ್ತಿ
ನನ್ನ ಕೈಯಲ್ಲಿ ಎದ್ದು ನಿಂತಿತು.

ಅವರು ಏನೂ ಅನ್ನಲಿಲ್ಲ. ರಿಜಿಸ್ಟರು ನೂಕಿದರು.
ಹೆಸರು, ತಾರೀಕು, ವಾಪಸಾದ ವೇಳೆ,
ಕೇಸಿಗೂ ಅರ್ಜಿದಾರರಿಗೂ ಇರುವ ಸಂಬಂಧ.
ಸಂಶೋಧಕಿ ಎಂದು ಬರೆದು,
ಕಾಟು ಹಾಕಿ,
ಬರೆದೆ: ಕೆಳಗಿನ ಊರು.

ಮೊಣ್ಣಪ್ಪನವರು ಓದಿದರು.
ಬಾಟಲಿಯನ್ನು ಮೇಲಿನ ಹಲಗೆಗೆ ಏರಿಸದೆ
ತಮ್ಮ ಮೇಜಿನ ಮೇಲೆ,
ಊಟದ ಡಬ್ಬಿಯ ಪಕ್ಕ ಇಟ್ಟುಕೊಂಡರು.