ಪ್ಲಾಸ್ಟಿಕ್ ತೆಗೆಯಬಾರದು

ಸೊಹಾರ್ ಬಂದರಿನಲ್ಲಿ ಹಡಗು ಬಾಯಿ ತೆರೆದರೆ
ಒಂದರ ಹಿಂದೊಂದು ಇಳಿಯುತ್ತವೆ,
ಬಾನೆಟ್ಟಿಗೆ ಬಿಳಿ ಹಾಳೆ ಅಂಟಿಸಿಕೊಂಡು,
ಇನ್ನೂ ಯಾರ ಬೈಗುಳವನ್ನೂ ಕೇಳದ ಕಾರುಗಳು.
ಮೀಟರಿನಲ್ಲಿ ಆರೋ ಏಳೋ ಕಿಲೋಮೀಟರು.
ಅಲ್ಲಿಂದ ಮುಂದಿನದು ನನ್ನ ಕೆಲಸ.

ಕೀ ಕೊಡುವಾಗ ದುರ್ ಮೊಹಮ್ಮದ್ ದಿನವೂ ಹೇಳುತ್ತಾನೆ,
ನಾಲ್ಕು ವರ್ಷದಿಂದ, ನಾನು ನಿನ್ನೆ ಬಂದವನೋ ಎಂಬಂತೆ:
ಸೀಟಿನ ಪ್ಲಾಸ್ಟಿಕ್ ತೆಗೆಯಬಾರದು.
ರೇಡಿಯೋ ಮುಟ್ಟಬಾರದು. ಒಳಗೆ ಊಟ ಬೇಡ.
ನೂರರ ಮೇಲೆ ಹೋಗಬಾರದು. ಯಾರನ್ನೂ ಹತ್ತಿಸಬಾರದು.
ಬಂಟ್ವಾಳದಲ್ಲಿ ಹೊಯಿಗೆ ಲಾರಿ ಓಡಿಸಿದ ಕೈ ಇದು,
ಹಾರ್ನಿಲ್ಲದೆ, ಒಮ್ಮೆ ಬ್ರೇಕೂ ಇಲ್ಲದೆ;
ಈಗ ಬೆರಳಚ್ಚು ಬೀಳದಂತೆ ಸ್ಟೇರಿಂಗು ಹಿಡಿಯುತ್ತದೆ.

ಪ್ಲಾಸ್ಟಿಕ್ಕಿನಲ್ಲಿ ಬೆವರು ಇಂಗುವುದಿಲ್ಲ.
ಬೆನ್ನಿಗೂ ಸೀಟಿಗೂ ನಡುವೆ ನಿಲ್ಲುತ್ತದೆ.
ಇಳಿಯುವಾಗ ಚರ್ರನೆ ಸದ್ದು,
ಗಾಯದ ಪಟ್ಟಿ ಕಿತ್ತ ಹಾಗೆ.

ರಾತ್ರಿ ಫೋನಿನಲ್ಲಿ ಮಿಸ್ರಿಯಾ ಕೇಳುವುದು ಒಂದೇ:
"ಇವತ್ತು ಯಾವ ಬಣ್ಣ, ಉಪ್ಪಾ?"
ಬಿಳಿ, ಅನ್ನುತ್ತೇನೆ. ನಿನ್ನೆಯೂ ಬಿಳಿ.
ಈ ಬಿಸಿಲಿಗೆ ಬಿಳಿಯೇ ಜಾಸ್ತಿ, ಮಗಳೇ.
ಅವಳ ಲೆಕ್ಕದ ಪುಸ್ತಕದ ಹಿಂದಿನ ಹಾಳೆಗಳಲ್ಲಿ
ನನ್ನ ಕಾರುಗಳಿವೆ, ಸಾವಿರ ದಾಟಿವೆಯಂತೆ.
ಬಿಳಿಗೆ ಬಣ್ಣ ಹಚ್ಚಬೇಕಾಗಿಲ್ಲವಲ್ಲ,
ಅದಕ್ಕೇ ಪುಟಗಟ್ಟಲೆ ಖಾಲಿ ಚೌಕ.

ಮೊನ್ನೆ ಮಂಗಳವಾರ ಒಂದು ಕೆಂಪು ಸಿಕ್ಕಿತು.
ರುಸ್ತಾಕ್ ದಾಟಿ, ಬೋಳುಗುಡ್ಡಗಳ ಸಂದಿನ ಹಳ್ಳಿಗೆ.
ಚೀಟಿಯ ಪ್ರಕಾರ ನೂರ ಅರವತ್ತೆಂಟು ಕಿಲೋಮೀಟರು.
ಬಾಗಿಲಲ್ಲಿ ಶಮ್ಸಾ. ಕೈಗೆ ದಪ್ಪ ಬೆಳ್ಳಿ ಬಳೆ,
ಕಾಲಿಗೆ ರಬ್ಬರ್ ಚಪ್ಪಲಿ.
ಊರ ಕಾಲುವೆಯ ನೀರಿನಲ್ಲಿ ತನ್ನ ಪಾಲಿನ ಅರ್ಧ ತಾಸು ಮಾರಿ
ಮೊಮ್ಮಗಳಿಗೆ ಕೊಂಡ ಕಾರು.
ಲೈಸೆನ್ಸಿರುವ ಮೊಮ್ಮಗಳು ಕಾಲೇಜಿನಿಂದ ಬರುವುದು ಸಂಜೆ.
ಅಲ್ಲಿಯವರೆಗೆ ಯಾರು ಕಾಯುತ್ತಾರೆ?
ಸುತ್ತ ಒಂದು ಸಲ ಬಂದಳು, ಟಯರಿಗೆ ಒದ್ದಳು,
ದನದ ಸಂತೆಯಲ್ಲಿ ಹಲ್ಲೆಣಿಸುವವರ ಮುಖ ಮಾಡಿ.
ಹಿಂದಿನ ಬಾಗಿಲು ತೆಗೆದು ಕೂತೇಬಿಟ್ಟಳು.
ಪ್ಲಾಸ್ಟಿಕ್ ಪರಪರ ಅಂತು.
"ಇದೇನು, ಆಸ್ಪತ್ರೆ ಮಂಚವೇ?"
ಉಗುರಿನಿಂದ ತುದಿ ಎಬ್ಬಿಸಿ ಸರ್ರನೆ ಎಳೆದಳು.
ಆಮೇಲೆ ಮುಂದೆ ಬಾಗಿ, ನನ್ನ ಸೀಟಿನದೂ.
"ಯಲ್ಲಾ, ಖರ್ಜೂರದ ತೋಟಕ್ಕೆ."

ಚೀಟಿಗೆ ಸಹಿ ಆಗಿಲ್ಲ ಎಂದೆ. ನನ್ನ ಅರಬಿ ಅಲ್ಲಿಗೆ ಮುಗಿಯಿತು.
ಅವಳದು ಆಗಷ್ಟೇ ಶುರು.

ಹೋಗಲು ಒಂದೂವರೆ, ಬರಲು ಒಂದೂವರೆ.
ತೋಟದ ಬಳಿ ಇಳಿಯಲಿಲ್ಲ. ಗಾಜು ಇಳಿಸಿ
ತನ್ನದಾಗಿದ್ದ ನೀರು ಪಕ್ಕದವನ ಮರಗಳಿಗೆ ತಿರುಗುವುದನ್ನು
ಸ್ವಲ್ಪ ಹೊತ್ತು ನೋಡಿದಳು.
ಹರಿಯಲಿ ಅಂದಳೋ, ಹೋಗಲಿ ಅಂದಳೋ,
ನನಗೆ ಎರಡೂ ಒಂದೇ ಕೇಳಿಸಿತು.
ರೇಡಿಯೋ ಹಾಕು ಅಂದಳು. ಹಾಕಿದೆ. ಹವಾಮಾನ ವರದಿ.
ನಾಲ್ಕು ವರ್ಷದಲ್ಲಿ ಮೊದಲ ಸಲ
ನನ್ನ ಬೆನ್ನಿಗೆ ಕಾರಿನ ಬಟ್ಟೆ ತಾಗಿತು.
ಮೆತ್ತಗಿರುತ್ತದೆ ಅಂದುಕೊಂಡಿದ್ದೆ. ಒರಟು.

ವಾಪಸು ಬಸ್ಸಿನಲ್ಲಿ.
ಬಿಚ್ಚಿ ತಂದ ಕಂಪನಿಯ ನಂಬರ್ ಪ್ಲೇಟು ತೊಡೆಯ ಮೇಲೆ,
ಅದರ ಮೇಲೆ ಹಾಲಿನ ಪುಡಿಯ ಡಬ್ಬದಲ್ಲಿ ಖರ್ಜೂರ.
ಕಿಟಕಿಯಾಚೆ ಹೋಗುವ ಎಷ್ಟೋ ಕಾರುಗಳು
ಲಕ್ಷದ ಅಡಿಯಲ್ಲೆಲ್ಲೋ ನನ್ನ ನೂರು, ಇನ್ನೂರು ಇಟ್ಟುಕೊಂಡು
ಗುರುತು ಹಿಡಿಯದೆ ಓವರ್‌ಟೇಕ್ ಮಾಡಿದವು.

ಯಾರ್ಡಿನಲ್ಲಿ ದುರ್ ಮೊಹಮ್ಮದ್ ಅಂಕಿ ನೋಡಿದ.
ಮೂರು ಹೆಚ್ಚು. ಮೂರಕ್ಕೆ ಮೂರು ರಿಯಾಲು.
ಕಾರಣ ಎಂಬ ಕಾಲಮ್ಮಿನ ಮುಂದೆ
ಪೆನ್ನು ಹಿಡಿದು ನಿಂತೆ.
"ದಾರಿ ತಪ್ಪಿತು ಅಂತ ಬರಿ, ಎಲ್ಲರೂ ಅದನ್ನೇ ಬರೆಯೋದು,"
ಅಂದ, ಡಬ್ಬಕ್ಕೆ ಕೈ ಹಾಕುತ್ತಾ.
ಬರೆದೆ.

ಕೆಂಪು ಎಂದರೆ ಮಿಸ್ರಿಯಾ ನಂಬಲಿಲ್ಲ.
ಆಣೆ ಹಾಕಿಸಿದಳು.
ಆಮೇಲೆ ಕ್ರೇಯಾನ್ ಪೆಟ್ಟಿಗೆ ನೆಲಕ್ಕೆ ಸುರಿದ ಸದ್ದು,
ಕೆಂಪನ್ನೇ ಮುರಿದಿಟ್ಟ ತಮ್ಮನಿಗೆ ಬೈಯುವ ಸದ್ದು.
ಅಷ್ಟರಲ್ಲಿ ಕರೆನ್ಸಿ ಮುಗಿಯಿತು.