ಕೈ ಬಿಡುವ ಮುನ್ನ

ಊಲು ಪಟ್ಟಣ, ಮಾರ್ಚ್ ತಿಂಗಳು, ರಾತ್ರಿ ಮೂರು.
ಹೊಳೆ ಇನ್ನೂ ಹೆಪ್ಪುಗಟ್ಟಿಯೇ ಇದೆ. ನಾಲ್ಕನೇ ಮಹಡಿಯಲ್ಲಿ
ತೈಮಿ ವಾರಾಲಾ ಹಳೆಯ ಪ್ರೋಗ್ರಾಮೊಂದರ
ಹೆಸರುಗಳನ್ನು ಅಳಿಸಿ ಅಳಿಸಿ ಬರೆಯುತ್ತಿದ್ದಾಳೆ:
ಗೋಪುರ ಇದ್ದಲ್ಲಿ ದಾರ,
ಕರೆ ಇದ್ದಲ್ಲಿ ವರ್ಣತಂತು,
'ಸಂಪರ್ಕ ಕಡಿಯಿತು' ಇದ್ದಲ್ಲಿ, ಸ್ವಲ್ಪ ಹೊತ್ತು ಬೆರಳೆತ್ತಿ ಕೂತು,
'ಸತ್ತಿತು'.
ಬಾಣಗಳು ಹಾಗೇ ಇರಲಿ.
ಬಾಣದ ಮೇಲಿನ ಅಂಕಿ ಬದಲಾದರೆ ಸಾಕು.

ಪ್ರೋಗ್ರಾಮು ಎನ್ಸಿಯೊನದು,
ಮೊಬೈಲು ಜಾಲಕ್ಕೆಂದು ಇಪ್ಪತ್ತು ವರ್ಷದ ಹಿಂದೆ ಹೆಣೆದದ್ದು.
ಒಬ್ಬ ಬಸ್ಸಿನಲ್ಲಿ ಮಾತಾಡುತ್ತ ಹೋಗುತ್ತಾನೆ;
ಒಂದು ಗೋಪುರದ ಸೀಮೆ ಮುಗಿದು ಇನ್ನೊಂದರದು ಶುರುವಾಗುವಲ್ಲಿ
ಮಾತಿಗೇ ಗೊತ್ತಾಗದ ಹಾಗೆ ಮಾತನ್ನು ದಾಟಿಸಬೇಕು.
ಗಣಕದೊಳಗೆ ಲಕ್ಷ ಸಲ ದಾಟಿಸಿ ನೋಡಿದ್ದ.
ಲಕ್ಷ ಬಸ್ಸು, ಒಂದಕ್ಕೂ ಚಕ್ರವಿಲ್ಲ.
ಆಮೇಲೆ ನಿಜವಾದ ಬಸ್ಸು ಹತ್ತಿ, ಹೌಕಿಪುದಾಸ್ ದಾರಿಯಲ್ಲಿ,
ಅತ್ತೆಯ ಹತ್ತಿರ ಸಾಲ್ಮನ್ ಸಾರಿನ ವಿಷಯ ಮಾತಾಡುತ್ತ ಹೋದ.
ಸೇತುವೆಯ ಮೇಲೆ, ಸಬ್ಬಸಿಗೆ ಎಷ್ಟು ಎನ್ನುವಷ್ಟರಲ್ಲಿ,
ಕಡಿಯಿತು.
ಹನ್ನೊಂದು ದಿನ, ಅದೇ ಸೇತುವೆ.
ಅತ್ತೆ ಸಾಯುವ ತನಕ ಹೇಳುತ್ತಿದ್ದಳಂತೆ:
ಅವನಿಗೆ ನನ್ನ ಸಾರು ಬೇಡವಾಗಿತ್ತು, ಅಷ್ಟೇ.

ಇಲ್ಲಿನವರ ಮಾತಿನಲ್ಲಿ ಎಲ್ಲಕ್ಕೂ ಒಂದೇ ಹೆಸರು, ಸೊಲು:
ಜೀವದ ಕೋಶಕ್ಕೂ ಜಾಲದ ಕೋಶಕ್ಕೂ,
ಅಡುಗೆಮನೆ ಹಂಚಿಕೊಂಡು ಹುಡುಗರು ಓದುವ ಬಾಡಿಗೆ ಕೋಣೆಗೂ.
ನಾವಾದರೋ ದೇಶ ಸುತ್ತು, ಕೋಶ ಓದು ಎಂದವರು.
ಬಸ್ಸಿನವನು ಕೋಶಗಳನ್ನೇ ಸುತ್ತಿದ.
ಇವಳು ಕೂತಲ್ಲೇ ಕೂತು ಓದುತ್ತಿರುವುದು
ಒಂದು ಯೀಸ್ಟು,
ರೈ ಹಿಟ್ಟು ಉಬ್ಬಿಸಿ ಅಭ್ಯಾಸವಿರುವ ಬಡ ಜೀವ.

ತೊಂಬತ್ತು ನಿಮಿಷಕ್ಕೆ ಅದು ಎರಡಾಗಬೇಕು. ಮಾದರಿಯಲ್ಲಿ
ಸಾವಿರಕ್ಕೆ ನಲವತ್ತು ಮರಿ
ಒಂದು ತಂತು ಕಡಿಮೆಯಾಗಿ ಹುಟ್ಟಿ, ಸಾಯುತ್ತಿವೆ.
ಸೂಕ್ಷ್ಮದರ್ಶಕದ ಕೆಳಗಿನದು ಅಷ್ಟು ಸಾಯುವುದಿಲ್ಲ.
ಅದು ಅವಳ ಪ್ರಬಂಧ ಓದಿಲ್ಲ.
ಅಲ್ಲಿ ಹದಿನಾರು ತಂತು;
ಹದಿನೈದಕ್ಕೆ ಎರಡೂ ಕಡೆಯ ದಾರ ಸಿಕ್ಕಿದೆ,
ಒಂದು ಇನ್ನೂ ಕತ್ತಲಲ್ಲಿ ತಡಕಾಡುತ್ತಿದೆ.
ಉಳಿದವೆಲ್ಲ ಕಾಯುತ್ತವೆ.
ಬಸ್ಸು ಹೊರಡುವುದಿಲ್ಲ.

ಮೂರೂ ಇಪ್ಪತ್ತಕ್ಕೆ ಫೋನು. ನಿವೃತ್ತನಿಗೆ ನಿದ್ದೆ ಎಲ್ಲಿಯದು, ಎತ್ತಿದ.
ಸೇತುವೆಯದ್ದು ಆಮೇಲೆ ಸರಿಮಾಡಿದೆಯಾ, ಯಾವ ಸಾಲು?
ಮಾಡಲಿಲ್ಲ, ಅಂದ. ಅಷ್ಟರಲ್ಲಿ ಯೋಜನೆಯೇ ಮುಚ್ಚಿತು.
ಪಕ್ಕದಲ್ಲಿ ಟಿಪ್ಪಣಿ ಹಾಕಿಟ್ಟಿದ್ದೇನೆ, ನೋಡು.

ಇತ್ತು. ಇನ್ನೂರ ಹದಿನೇಳನೇ ಸಾಲು:
ಹೊಸ ಕೈ ಹಿಡಿದದ್ದು ಗಟ್ಟಿಯಾಗುವ ತನಕ
ಹಳೆ ಕೈ ಬಿಡಕೂಡದು.

ಒಂದು ಬಾಣ ಎಳೆದಳು, ತನ್ನಿಂದ ಹೊರಟು ತನ್ನಲ್ಲಿಗೇ ಮರಳುವ ಬಾಣ,
ಕಾಯುವುದರ ಚಿತ್ರ ಅಷ್ಟೇ.
ನಲವತ್ತು ಇಳಿದು ಮೂರಾಯಿತು.
ಆ ಮೂರು ಯಾಕೆಂದು ಯೀಸ್ಟಿಗೂ ಗೊತ್ತಿರಲಾರದು.

ಫೋನಿನಲ್ಲಿ ಎನ್ಸಿಯೊ ಇನ್ನೂ ಇದ್ದ.
ಕೇಳಿಸ್ತಾ ಇದೆಯಾ, ಅಂದ.
ಸಬ್ಬಸಿಗೆ ಎಷ್ಟು ಅಂತ ನನಗೆ ಗೊತ್ತಾಗಲೇ ಇಲ್ಲ ನೋಡು.